ಏಟು ತಿನ್ನುವ ಹಳಿ

ಹುಟ್ಟುವಾಗಲೇ ನನ್ನನ್ನು ಹಿಂಡಿದರು. ಬಿಳಿ ಕಾವಿನ ಉಕ್ಕಿನ ದಿಮ್ಮಿಯಾಗಿದ್ದ ನನ್ನನ್ನು ಎರಡು ಉರುಳೆಗಳ ನಡುವೆ ತಳ್ಳಿದರು, ಮಗ್ಗಲು ಹೊರಳಿಸಿ ಮತ್ತೆ ತಳ್ಳಿದರು. ತಲೆ ದಪ್ಪವಾಯಿತು, ನಡು ಸಣ್ಣದಾಯಿತು, ಪಾದ ಅಗಲವಾಯಿತು. ಕಾವು ಆರುವ ಹೊತ್ತಿಗೆ ನಾನು ರೈಲು ಹಳಿಯಾಗಿದ್ದೆ.

ಗದಗದ ಆಚೆ, ಎರೆಹೊಲಗಳ ನಡುವೆ, ಇಪ್ಪತ್ತಾರು ವರ್ಷ ಮಲಗಿದ್ದೆ. ಅದಿರು ತುಂಬಿದ ಗಾಡಿಗಳು ನನ್ನ ತಲೆಯನ್ನು ತುಳಿದು ಹೋದವು. ತುಳಿದಷ್ಟೂ ನನ್ನ ತಲೆ ಗಟ್ಟಿಯಾಯಿತು. ಉಕ್ಕಿನ ಗುಣವೇ ಅದು: ಬಡಿದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ಸಿಡಿಯುವ ಭಯ. ಕೊನೆಗೆ ನನ್ನಿಂದ ಎರಡು ಮಾರು ದೂರದಲ್ಲಿ ಬಿರುಕೊಂದು ಕಂಡಿತು. ನಮ್ಮನ್ನು ಕಿತ್ತು ಗ್ಯಾಸ್ ಕಟರ್ ಹಚ್ಚಿದರು. ಬೆಂಕಿ ಕಬ್ಬಿಣವನ್ನು ಕರಗಿಸಿ ಕತ್ತರಿಸುತ್ತದೆ ಎಂದು ನೋಡುವವರು ತಿಳಿಯುತ್ತಾರೆ. ಹಾಗಲ್ಲ. ಕೆಂಪಗೆ ಕಾದ ಕಬ್ಬಿಣ ಆಮ್ಲಜನಕದಲ್ಲಿ ತಾನೇ ಉರಿಯುತ್ತದೆ. ನನ್ನನ್ನು ನನ್ನ ಮೈಯಿಂದಲೇ ಸುಟ್ಟು ತುಂಡು ಮಾಡಿದರು.

ಗುಜರಿ ಅಂಗಡಿಯಲ್ಲಿ ಬಿದ್ದಿದ್ದ ನನ್ನನ್ನು ಕಾಳಪ್ಪ ಕಮ್ಮಾರ ಕಂಡ. ಕಿಸೆಯಿಂದ ಸಣ್ಣ ಸುತ್ತಿಗೆ ತೆಗೆದು ಎರಡು ಸಲ ತಟ್ಟಿ, ಕಿವಿ ಹತ್ತಿರ ತಂದ.

"ಒಳಗ ಸೀಳಿಲ್ಲ. ಗಂಟಿ ಬಡದಂಗ ಬಡೀತೈತಿ," ಎಂದ.

ಬೆಟಗೇರಿಯಲ್ಲಿ ಅವನ ಮನೆಯ ಹಿಂದೆ ತಗಡಿನ ಷೆಡ್ಡಿತ್ತು. ಅಲ್ಲಿ ಜಾಲಿಯ ಬೊಡ್ಡೆಯ ಮೇಲೆ ನನ್ನನ್ನು ಕೂರಿಸಿ ಕಬ್ಬಿಣದ ಪಟ್ಟಿಯಿಂದ ಬಿಗಿದ. ನನ್ನ ಎತ್ತರ ಅಳೆಯಲು ಅಳತೆಪಟ್ಟಿ ತರಲಿಲ್ಲ. ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ಮುಷ್ಟಿಯ ಗೆಣ್ಣು ನನ್ನ ತಲೆಗೆ ತಾಗುವಷ್ಟಕ್ಕೆ ಬೊಡ್ಡೆ ಕೊಯ್ದ. "ಇದಕ್ಕಿಂತ ತೆಳಗಾದ್ರ ನಡಾ ಹೋಗತೈತಿ, ಮ್ಯಾಲಾದ್ರ ರಟ್ಟಿ ಹೋಗತೈತಿ" ಎಂದು ತಮ್ಮ ಮಾನಪ್ಪನಿಗೆ ಹೇಳಿದ. ಆ ದಿನದಿಂದ ನಾನು ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಾದೆ.

ಅಣ್ಣ ತಮ್ಮ ಸೇರಿ ಕಿಟಕಿಯ ಸರಳು, ಗೇಟು, ನೇಗಿಲ ಕುಳ ಮಾಡುತ್ತಿದ್ದರು. ಕಾಳಪ್ಪ ಬಡಿಯುತ್ತಿದ್ದ, ಮಾನಪ್ಪ ವೆಲ್ಡಿಂಗ್ ಹಿಡಿಯುತ್ತಿದ್ದ. ಸುಖವಾಗಿಯೇ ಏಟು ತಿಂದೆ. ಕಾದ ಕಬ್ಬಿಣ ಮೇಲಿದ್ದರೆ ಏಟು ಅದರ ಪಾಲು. ನನಗೆ ಬರುವುದು ನಡುಕ ಮಾತ್ರ.

ಒಂದು ಬೇಸಿಗೆ ಚಕ್ಕಡಿ ಗಾಲಿಯ ಕಬ್ಬಿಣದ ಪಟ್ಟಾ ಕಡಿಯಬೇಕಿತ್ತು. ಉಳಿಯ ತಲೆ ಬಡಿದು ಬಡಿದು ಅಣಬೆಯಂತೆ ಅರಳಿ ಅಂಚು ಹರಿದಿತ್ತು. ಅದನ್ನು ಉಜ್ಜಿ ಸರಿಮಾಡಬೇಕೆಂದು ಕಾಳಪ್ಪನಿಗೆ ಗೊತ್ತಿತ್ತು. "ಒಂದ ಏಟು ಉಳದೈತಿ," ಎಂದ. ಹೊಡೆದ. ಉಳಿಯ ತಲೆಯಿಂದ ಸಾಸಿವೆಯಷ್ಟು ಚೂರು ಸಿಡಿದು ಅವನ ಎಡಗಣ್ಣಿಗೆ ಹೊಕ್ಕಿತು. ರಕ್ತ ನನ್ನ ಮೇಲೆ ಬಿದ್ದು, ಇನ್ನೂ ಬಿಸಿಯಿದ್ದ ಪಟ್ಟಾಕ್ಕೆ ತಾಗಿ ಚುರುಗುಟ್ಟಿತು. ಆ ಕಣ್ಣು ಉಳಿಯಲಿಲ್ಲ.

ಆಮೇಲೆ ಅವನಿಗಿದ್ದದ್ದು ಒಂದೇ ಕಣ್ಣು, ಒಂದೇ ಚಿಂತೆ. ಕಮ್ಮಾರರು ಅಮಾವಾಸ್ಯೆಯ ದಿನ ಕುಲುಮೆ ಹಚ್ಚುವುದಿಲ್ಲ. ಆ ದಿನ ಅವನು ಪ್ರತಿಯೊಂದು ಉಳಿಯ ತಲೆ ಉಜ್ಜುತ್ತಿದ್ದ, ಸುತ್ತಿಗೆಯ ಹಿಡಿ ಅಲುಗಾಡಿಸಿ ನೋಡುತ್ತಿದ್ದ. ಬರಿಯ ನನ್ನ ತಲೆಗೆ ಯಾರಾದರೂ ಸುತ್ತಿಗೆ ಬಡಿದರೆ ಗದರುತ್ತಿದ್ದ: "ಗಟ್ಟಿಗೆ ಗಟ್ಟಿ ಬಡದ್ರ ಎರಡ್ರಾಗ ಒಂದು ಸಿಡೀತೈತಿ. ಸಿಡದದ್ದು ನಿನ್ನ ಮಾರಿ ಹುಡಿಕ್ಕೊಂಡ ಬರತೈತಿ." ಯಾರೋ ಹಳೆಯ ಡೀಸೆಲ್ ಟಾಕಿಗೆ ಬೆಸುಗೆ ಹಾಕಿಕೊಡಿ ಎಂದು ತಂದರೆ ಷೆಡ್ಡಿನ ಬಾಗಿಲಿನಿಂದಲೇ ಕಳಿಸಿದ. "ಟಾಕಿ ಖಾಲಿ ಐತ್ರಿ," ಎಂದರೆ, "ಖಾಲಿ ಟಾಕಿನ ಹಾರೂದು, ಸಾವಕಾರ್ರ. ಡೀಸೆಲ್ ಹೋದ್ರೂ ಅದರ ಆವಿ ಒಳಗ ಕುಂತಿರತೈತಿ," ಎಂದ.

ಮಾನಪ್ಪ ಕೈಗ್ರೈಂಡರ್ ತಂದ. ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು. ಅದರ ಕಟಿಂಗ್ ವೀಲಿನ ಅಂಚು ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ನನ್ನನ್ನು ತುಳಿದ ಯಾವ ರೈಲಿಗೂ ಆ ವೇಗ ಇರಲಿಲ್ಲ. ವೀಲಿನ ಮೇಲಿನ ತಗಡಿನ ಮುಚ್ಚಳ ಮೂಲೆಗಳಲ್ಲಿ ಅಡ್ಡ ಬರುತ್ತದೆಂದು ಮಾನಪ್ಪ ಬಿಚ್ಚಿಟ್ಟ. ಅಣ್ಣ ಹಾಕಿಸಿದ. ತಮ್ಮ ಮತ್ತೆ ಬಿಚ್ಚಿದ.

ಆ ವರ್ಷದ ಖಂಡೇ ಪೂಜೆ, ನವರಾತ್ರಿಯ ಆಯುಧಪೂಜೆ, ಬಂತು. ಮಾನಪ್ಪ ಭಕ್ತಿಯಿಂದ ಷೆಡ್ಡನ್ನೆಲ್ಲ ತೊಳೆದ. ಸುತ್ತಿಗೆ, ಇಕ್ಕಳ, ಉಳಿ ಒಂದು ಬಕೆಟ್ಟಿಗೆ. ಕಟಿಂಗ್ ವೀಲುಗಳೂ ಅದೇ ಬಕೆಟ್ಟಿಗೆ. ಅವು ಕಬ್ಬಿಣವಲ್ಲ, ಅಂಟಿನಲ್ಲಿ ಕೂಡಿಸಿದ ಹರಳುಪುಡಿ. ನೀರು ಕುಡಿದರೆ ಅಂಟು ಸಡಿಲವಾಗುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಬಲ ಇರುವುದಿಲ್ಲ. ಇದು ಯಾರ ಗಮನಕ್ಕೂ ಬರಲಿಲ್ಲ. ಕಾಳಪ್ಪನ ಹೆಂಡತಿ ಈರವ್ವ ಎಲ್ಲದಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟಳು. ಗೂಟಕ್ಕೆ ನೇತುಹಾಕಿದ್ದ ಎರಡು ಕನ್ನಡಕಗಳ ಗಾಜಿಗೂ ಇಟ್ಟಳು. ಪೂಜೆಯ ಗುರುತನ್ನು ಕೈಯಾರೆ ಒರೆಸಬಾರದು, ತಾನಾಗಿಯೇ ಉದುರಬೇಕು ಎಂಬುದು ಆ ಮನೆಯ ಪದ್ಧತಿ.

ಮರುದಿನ ಸಂಜೆ ಅಣ್ಣತಮ್ಮಂದಿರು ಬನ್ನಿ ಕೊಟ್ಟುಕೊಂಡು "ಬಂಗಾರದಂಗ ಇರೂಣು" ಎಂದರು.

ಅದರ ಮರುದಿನ ಬೆಳಿಗ್ಗೆ ಮಾನಪ್ಪ ಪೈಪು ಕೊಯ್ಯಲು ಗ್ರೈಂಡರ್ ಹಿಡಿದ. ಮುಚ್ಚಳ ಇರಲಿಲ್ಲ. ಕಣ್ಣಿಗೆ ಏನೂ ಇರಲಿಲ್ಲ.

"ಚಸ್ಮಾ ಎಲ್ಲೈತೋ?" ಕಾಳಪ್ಪ ಕೂಗಿದ.

"ಕುಂಕುಮ ಐತಿ ಅಣ್ಣ. ಒರಸಬಾರದು ಅಂದಾಳ ವೈನಿ. ಎರಡ ತುಂಡು, ಆತು."

"ನಾ ಒರಸೇನಿ ನಂದು! ದೇವರೇನ ಬೈದಿಲ್ಲ ನನಗ."

"ನಿನಗ ಒಂದ ಕಣ್ಣು. ದೇವರು ಮಾಫ್ ಮಾಡ್ಯಾನ," ಎಂದು ಮಾನಪ್ಪ ನಕ್ಕ.

ಕಾಳಪ್ಪನಿಗೆ ಸಿಟ್ಟು ನೆತ್ತಿಗೇರಿತು. ತನ್ನ ಮುಖದ ಕನ್ನಡಕ ಕಿತ್ತು, ತಮ್ಮನ ಜುಟ್ಟು ಹಿಡಿದು, ಅವನ ಕಣ್ಣಿಗೆ ಒತ್ತಿ ಹಾಕಿದ. "ಹಾಕ್ಕೊ! ನನ್ನಂಗ ಆಗಬ್ಯಾಡ." ತಮ್ಮ ಅವನನ್ನು ನೂಕಿದ. ಅಣ್ಣ ತೂರಾಡಿ ನನ್ನನ್ನು ಹಿಡಿದು ನಿಂತ. ಹಾಗೆ ಹಿಡಿದ ಕೈ ಇನ್ನೂ ನನ್ನ ಮೇಲಿರುವಾಗಲೇ ಗ್ರೈಂಡರ್ ಕಿರುಚಿತು.

ವೀಲು ಪೈಪಿಗೆ ತಾಗಿದ ಕ್ಷಣ ಮೂರು ಹೋಳಾಯಿತು. ಒಂದು ಹೋಳು ತಗಡಿನ ಗೋಡೆ ಸೀಳಿ ಹೊರಗೆ ಹೋಯಿತು. ಒಂದು ಮಾನಪ್ಪನ ಕನ್ನಡಕಕ್ಕೆ ಬಡಿಯಿತು. ಗಾಜು ಬಿರಿಯಿತು, ಕಣ್ಣು ಉಳಿಯಿತು. ಮೂರನೆಯದು ನನ್ನ ತಲೆಯನ್ನು ಗೀರಿ, ಪುಟಿದು, ಕಾಳಪ್ಪನ ಬಲಗಣ್ಣಿಗೆ ಬಡಿಯಿತು.

ಕಾಳಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನನ್ನ ಬೊಡ್ಡೆಗೆ ಒರಗಿ ಕುಸಿದ. ಬೆರಳುಗಳ ಸಂದಿಯಿಂದ ರಕ್ತ ಇಳಿಯಿತು. "ಮಾನ್ಯಾ, ನಿನ್ನ ಕಣ್ಣು?" ಎಂದು ಕೇಳಿದ. ಆಮೇಲೆ, "ಮೊದಲ ಸ್ವಿಚ್ ತಗಿ," ಎಂದ.

ಆಸ್ಪತ್ರೆಯಿಂದ ಬಂದ ಮಾನಪ್ಪ ಆ ಗ್ರೈಂಡರನ್ನು ನನ್ನ ಮೇಲಿಟ್ಟು ದೊಡ್ಡ ಸುತ್ತಿಗೆಯಿಂದ ಬಡಿದ. ಕವಚ ಒಡೆಯಿತು, ತಾಮ್ರದ ತಂತಿ ಕರುಳಿನಂತೆ ಹೊರಬಂತು. ಇನ್ನು ಬಡಿಯಲು ಏನೂ ಉಳಿಯದಾಗ ಬರಿಯ ನನ್ನನ್ನೇ ಬಡಿಯತೊಡಗಿದ. ಈರವ್ವ ಓಡಿಬಂದು ಅವನ ರಟ್ಟೆ ಹಿಡಿದಳು. "ಸಾಕೋ! ಸಿಡದೀತು! ಕುಂಕುಮ ಇಟ್ಟಾಕಿ ನಾನು. ನನ್ನ ಬಡಿ ಬಡಿಯೂದಿದ್ರ!" ಆಗ ಅವನು ಸುತ್ತಿಗೆ ಬಿಟ್ಟ. ಇಬ್ಬರೂ ನನ್ನ ಎರಡು ಮಗ್ಗಲಲ್ಲಿ ಕೂತು ಅತ್ತರು.

ಮೂರು ತಿಂಗಳಿಗೆ ಕಾಳಪ್ಪ ಗೋಡೆ ಹಿಡಿದು ಷೆಡ್ಡಿಗೆ ಬಂದ. ಬೆರಳಿನಿಂದ ನನ್ನ ತಲೆ ಸವರಿದ. ಕೂದಲೆಳೆಯಷ್ಟು ಗೀರು ಸಿಕ್ಕಿತು. ಬೆರಳು ಅಲ್ಲಿಯೇ ನಿಂತಿತು. ಇಕ್ಕಳ ಕೊಡು ಎಂದ.

ಈಗ ಮಾನಪ್ಪ ಬಡಿಯುತ್ತಾನೆ, ಕಾಳಪ್ಪ ಹಿಡಿಯುತ್ತಾನೆ. ಕಾವಿದ್ದ ಕಬ್ಬಿಣದ ಸದ್ದು ಮೆತ್ತಗೆ, ಆರಿದ ಕಬ್ಬಿಣದ್ದು ಗಡಸು. ಅದನ್ನು ಕೇಳಿಯೇ ಕಾಳಪ್ಪ "ಆರೇತಿ. ಮತ್ತ ಕಾಸು," ಎನ್ನುತ್ತಾನೆ. ಇನ್ನೂ ಒಂದು ಸಲವೂ ತಪ್ಪಿಲ್ಲ.

ಮುಂದಿನ ಖಂಡೇ ಪೂಜೆಗೆ ವೀಲುಗಳು ಡಬ್ಬಿಯಲ್ಲಿ ಒಣಗಿಯೇ ಉಳಿದವು. ಹೊಸ ಗ್ರೈಂಡರಿನ ಮುಚ್ಚಳ ಅದರ ಮೇಲೆಯೇ ಇತ್ತು. ಈರವ್ವ ಕುಂಕುಮದ ಬಟ್ಟಲು ಹಿಡಿದು ಎಲ್ಲದಕ್ಕೂ ಇಡುತ್ತಾ ಬಂದು, ಕನ್ನಡಕದ ಮುಂದೆ ನಿಂತಳು. ಬಳೆಯ ಸದ್ದು ನಿಂತದ್ದು ಕಾಳಪ್ಪನಿಗೆ ಕೇಳಿಸಿತು.

"ಗಾಜಿಗೆ ಬ್ಯಾಡ," ಎಂದ. "ಅದನ್ನ ಹಾಕ್ಕೊಳ್ಳಾವನ ಹಣಿಗೆ ಹಚ್ಚು."

ಮಾನಪ್ಪ ತಲೆ ಬಾಗಿಸಿದ. ಅವನ ಹಣೆಗೆ ಹಚ್ಚಿ, ಉಳಿದದ್ದನ್ನು ಅವಳು ನನ್ನ ತಲೆಗೆ, ಆ ಗೀರಿನ ಮೇಲೆ ಹಚ್ಚಿದಳು.

ನನಗೆ ವಯಸ್ಸಾಯಿತು. ಅಂಚು ಉರುಟಾಗಿದೆ, ನಡು ತುಸು ತಗ್ಗಾಗಿದೆ. ಏಟು ತಿಂದವರೆಲ್ಲ ಗಟ್ಟಿಯಾಗುತ್ತಾರೆ ಎಂದು ಹಳಿಯಾಗಿದ್ದಾಗ ನಂಬಿದ್ದೆ. ಈ ಷೆಡ್ಡಿನಲ್ಲಿ ಗಟ್ಟಿಯಾಗಿದ್ದದ್ದು ಸಿಡಿದದ್ದನ್ನೇ ಕಂಡೆ. ಏಟಿನ ಮೇಲೆ ಏಟು ತಿಂದೂ ಮೆತ್ತಗೆ ಉಳಿದದ್ದು ಒಂದೇ, ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ನನ್ನ ಗೀರನ್ನು ಹುಡುಕಿ ಬರುವ ಆ ಬೆರಳು.