ಕಂಬಳಿ ಪಳಗಿಸುವ ಕೆಲಸ

ಮಧುಗಿರಿಯಲ್ಲಿ ಬಡವರೇ ಇಲ್ಲ ಎಂಬುದು ನಮಗೆ ಗೊತ್ತಾದದ್ದು ಒಂದು ಕತ್ತೆಹೊರೆ ಕಂಬಳಿ ಕೊಂಡ ಮೇಲೆ.

ಆ ವರ್ಷ ನಮ್ಮ ಕ್ರೈಸ್ತ ಸಭೆಯ ಸುಗ್ಗಿಹಬ್ಬಕ್ಕೆ ಕಾಣಿಕೆ ಚೆನ್ನಾಗಿ ಬಂದಿತ್ತು. ರಾಗಿ, ಹುರುಳಿ, ಕುಂಬಳಕಾಯಿ, ಜಗಳಗಂಟ ಹುಂಜ ಎರಡು, ಎಲ್ಲವನ್ನೂ ದೇವಾಲಯದ ಮುಂದೆ ಹರಾಜು ಹಾಕಿದೆವು. ಪಾದ್ರಿ ಅಯ್ಯನವರು ತುಮಕೂರಿನಿಂದ ತಿಂಗಳಿಗೊಮ್ಮೆ ಬಂದು ಹೋಗುವವರು. ಉಳಿದ ದಿನ ಸಭೆಯ ಭಾರವೆಲ್ಲ ಉಪದೇಶಿಯಾದ ನನ್ನ ಗಂಡನ ತಲೆಯ ಮೇಲೆ, ಅವರ ಭಾರ ನನ್ನ ತಲೆಯ ಮೇಲೆ. ಹರಾಜಿನ ಹಣದಲ್ಲಿ ಏನು ಧರ್ಮ ಮಾಡುವುದೆಂದು ಮಾತಾಡಲು ಆರಾಧನೆ ಮುಗಿದ ಮೇಲೆ ಎಲ್ಲರೂ ಕೂತರು.

ಪಿಂಚಣಿ ದಫೇದಾರ ಯೋಹಾನಪ್ಪನವರು ಮೀಸೆ ತೀಡಿಕೊಂಡು ಎದ್ದರು. "ಬಡವ್ರಿಗೆ ಕಂಬ್ಳಿ ಕೊಡಾಣ. ಕ್ರಿಸ್ತಜಯಂತಿ ದಿನ ಅಮಲ್ದಾರ್ರನ್ನ ಕರ್ಸಿ, ಒಬ್ಬೊಬ್ರ ಹೆಸ್ರೂ ಗಟ್ಟಿಯಾಗಿ ಕೂಗಿ, ಅವ್ರ ಕೈಲೇ ಕೊಡ್ಸಾಣ" ಎಂದರು. ಅಮಲ್ದಾರರ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ನಾನು ಮಾತ್ರ ಥಟ್ಟನೆ ಹೂಂ ಅಂದೆ. ನನ್ನ ಮನಸ್ಸಿನಲ್ಲಿದ್ದವಳು ಓಬಕ್ಕ ಒಬ್ಬಳೇ. ದೀಕ್ಷಾಸ್ನಾನದಲ್ಲಿ ಅವಳಿಗೆ ಮಾರ್ಥಮ್ಮ ಎಂದು ಹೆಸರಿಟ್ಟಿದ್ದರೂ ಕೇರಿಗೆಲ್ಲ ಅವಳು ಓಬಕ್ಕನೇ. ದೊಡ್ಡ ಜ್ವರ ಬಂದ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಹಾಸಿಗೆ ಹಿಡಿದಾಗ, ಕೂಸಾಗಿದ್ದ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಗಂಜಿ ಕುಡಿಸಿ ಉಳಿಸಿದವಳು. ಈಗ ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಹಳೆಯ ಸೀರೆಯೊಂದನ್ನು ಮಡಿಸಿ ಹೊದೆಯುತ್ತಿದ್ದಳು. ಹೋದ ಮಾಗಿಯಲ್ಲಿ ಕೆಮ್ಮಿ ಕೆಮ್ಮಿ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು. ಈ ಮಾಗಿ ಅವಳನ್ನು ಕರೆದುಕೊಂಡೇ ಹೋಗುತ್ತದೆ ಎಂದು ನನಗೆ ಭಯವಾಗಿತ್ತು.

ಕೊಡಿಗೇನಹಳ್ಳಿಯ ಕುರುಬರ ಬೋರಣ್ಣ ಕತ್ತೆಯ ಮೇಲೆ ಕಂಬಳಿ ಹೇರಿಕೊಂಡು ಬಂದು ನಮ್ಮ ಮನೆಯಲ್ಲಿ ಇಳಿಸಿ ಹೋದ. ಮನೆ ಎಂದರೆ ಒಂದೇ ಅಂಕಣ. ಕಂಬಳಿಗಳು ಒಳಗೆ ಬಂದ ಮೇಲೆ ನಾವು ಹೊರಗೆ ಮಲಗಬೇಕೇನೋ ಅನ್ನಿಸಿತು. ಉಣ್ಣೆಯ ವಾಸನೆಗೆ ನನ್ನ ಗಂಡ ಪ್ರಾರ್ಥನೆಯ ನಡುವೆಯೇ ಸೀನುತ್ತಿದ್ದರು. ಆದರೂ ಸಭೆಯ ಸೊತ್ತು ಸಭೆಯ ಸೊತ್ತೇ ಎಂದು ನಾನು ಒಂದನ್ನೂ ಬಿಚ್ಚಲಿಲ್ಲ. ಮಗನಿಗೆ ಎಂದಿನಂತೆ ತೂತು ಬಿದ್ದ ಕೌದಿಯನ್ನೇ ಎರಡು ಮಡಿಕೆ ಮಾಡಿ ಹೊದಿಸಿದೆ.

ಇನ್ನು ಬಡವರನ್ನು ಹುಡುಕಬೇಕಲ್ಲ. ನಾನೂ ನನ್ನ ಗಂಡನೂ ಸಭೆಯವರ ಮನೆ ಮನೆಗೆ ಹೊರಟೆವು. ಕರಿಬಸಮ್ಮನ ಬಾಗಿಲಲ್ಲಿ ವಿಷಯ ಎತ್ತುತ್ತಿದ್ದಂತೆಯೇ ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಯಾವನು ಹೇಳಿದ್ದು ನಾವು ಬಡವ್ರು ಅಂತ? ನಮ್ಮನೇಲಿ ಮೂರೊತ್ತೂ ಒಲೆ ಉರೀತೈತೆ. ಮುದ್ದಣ್ಣನ ಮನೆಗೋಗಿ, ಸೂರು ಸೋರ್ತೈತೆ."

ಮುದ್ದಣ್ಣ, "ಮಳೆ ಬಂದ್ರೆ ಅಮಲ್ದಾರ್ರ ಕಚೇರೀನೂ ಸೋರ್ತೈತೆ, ಅವ್ರಿಗೂ ಒಂದು ಕೊಟ್ಬುಡಿ" ಎಂದು ನಮ್ಮನ್ನು ಗಂಗಣ್ಣನ ಮನೆಗೆ ಅಟ್ಟಿದ. ಗಂಗಣ್ಣ ಮತ್ತೆ ಕರಿಬಸಮ್ಮನ ಮನೆಯ ಕಡೆಗೇ ಕೈ ತೋರಿಸಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಒಬ್ಬೊಬ್ಬರ ಮನೆಯ ಮಡಕೆಯಲ್ಲಿ ಎಷ್ಟು ಹಿಟ್ಟಿದೆ ಎಂದು ನನಗೆ ಗೊತ್ತಿಲ್ಲವೇ? ಸಿಟ್ಟು ನೆತ್ತಿಗೇರಿತು.

ಕೊನೆಗೆ ಒಂದು ಕಂಬಳಿಯನ್ನು ಬಗಲಲ್ಲಿ ಇಟ್ಟುಕೊಂಡು ಒಬ್ಬಳೇ ಓಬಕ್ಕನ ಗುಡಿಸಲಿಗೆ ಹೋದೆ. ಅವಳು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಕೆಮ್ಮು ಆಗಲೇ ಶುರುವಾಗಿತ್ತು.

"ಹೊದ್ಕೋ ಓಬಕ್ಕ. ಕ್ರಿಸ್ತಜಯಂತಿವರ್ಗೂ ಯಾಕೆ ಕಾಯ್ಬೇಕು?" ಎಂದೆ.

ಅವಳು ಕಂಬಳಿಯನ್ನು ಮುಟ್ಟಲೂ ಇಲ್ಲ. "ಈ ಕೈ ಕೊಟ್ಟು ರೂಢಿ ಕಣಮ್ಮ, ಒಡ್ಡಿ ರೂಢಿ ಇಲ್ಲ. ಯಾರಾನ ಬಡವ್ರಿಗೆ ಕೊಡೋಗು" ಎಂದು ಮತ್ತೆ ಕೆಮ್ಮಿದಳು. ನನಗೆ ಅಳುವೇ ಬಂತು. ಅತ್ತರೆ ಇನ್ನೂ ಹಟ ಹಿಡಿದು ಕೂರುತ್ತಾಳೆಂದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ವಾಪಸಾದೆ.

ಮನೆ ಮುಟ್ಟುವಷ್ಟರಲ್ಲಿ ನನ್ನ ಕತ್ತು ಕೆಂಪಾಗಿ ತುರಿಸುತ್ತಿತ್ತು. ಹೊಸ ಕಂಬಳಿ ಎಂದರೆ ಹಾಗೇ. ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯ್ದಿರುತ್ತಾರೆ, ಮೈಮೇಲೆ ಹಾಕಿಕೊಂಡರೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಹೊದ್ದು ಹೊದ್ದು ಪಳಗಿದ ಮೇಲೆಯೇ ಮೆತ್ತಗಾಗುವುದು. ಬಾಗಿಲಲ್ಲಿ ನಿಂತು ಕತ್ತು ಕೆರೆದುಕೊಳ್ಳುತ್ತಿದ್ದಾಗ ನನಗೊಂದು ಉಪಾಯ ಹೊಳೆಯಿತು.

ಮುಂದಿನ ಭಾನುವಾರ ಎಲ್ಲರೂ ಕೂತಿದ್ದಾಗ ನಾನೇ ಎದ್ದೆ. ಹೆಂಗಸು ಎದ್ದಳೆಂದು ಯೋಹಾನಪ್ಪನವರ ಮೀಸೆ ಅಲುಗಿತು.

"ಈ ಕಂಬ್ಳಿ ಇಂಗೇ ಕೊಡಾಕಾಗಲ್ಲ. ನೋಡಿ ನನ್ನ ಕತ್ತು. ದಾನ ಕೊಟ್ಟೋರನ್ನ ಬಡವ್ರು ಬೈಕೊಂಡು ತಿರುಗ್ತಾರೆ. ಮೊದ್ಲು ಯಾರಾದ್ರೂ ಹೊದ್ದು ಪಳಗಿಸ್ಬೇಕು, ಹಗ್ಲೂ ರಾತ್ರಿ. ಸುಲಭದ ಕೆಲ್ಸ ಅಲ್ಲ."

"ಅಮಲ್ದಾರ್ರಿಗೆ ಏನು ಹೇಳೋದು?" ಎಂದರು ಯೋಹಾನಪ್ಪನವರು.

"ಅವ್ರ ಕೈಗೆ ಮುಳ್ಳು ಕೊಡ್ತೀರಾ ದಫೇದಾರ್ರೇ? ಕೈ ಕೆರ್ಕೊಂಡು ಭಾಷಣ ಮಾಡ್ತಾರಾ?"

ಎಲ್ಲರೂ ನಕ್ಕರು. ನಾನು ನಗದೆ ಓಬಕ್ಕನ ಕಡೆ ತಿರುಗಿದೆ. "ಓಬಕ್ಕ, ಸಭೆ ಕೆಲ್ಸ. ಒಂದನ್ನ ನೀನು ಪಳಗಿಸಿಕೊಡ್ತೀಯಾ?"

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಸಭೆ ಕೆಲ್ಸ ಅಂದ್ರೆ ಬ್ಯಾಡ ಅನ್ನಾಕಾಗ್ತೈತಾ? ಕೊಡು" ಎಂದಳು.

ಅಷ್ಟೇ ಸಾಕಾಯಿತು. "ಮುದುಕಿ ಮಾಡೋ ಕೆಲ್ಸ ನಾವು ಮಾಡಲ್ವಾ?" ಎಂದು ಕರಿಬಸಮ್ಮ ಎರಡು ಎತ್ತಿಕೊಂಡಳು. ಮುದ್ದಣ್ಣ ಬಂದ, ಗಂಗಣ್ಣ ಬಂದ. ಮನೆಯಲ್ಲಿ ಚಳಿ ಇದ್ದವರೆಲ್ಲ ಸೇವೆಗೆ ನಿಂತರು. ಕೊನೆಯದನ್ನು, "ನಾನೂ ಒಂದು ಕೈ ಹಾಕ್ತೀನಿ" ಎಂದು ಯೋಹಾನಪ್ಪನವರೇ ಒಯ್ದರು. ಓಬಕ್ಕ ಹೋಗುವಾಗ ಹಿಂದಿರುಗಿ, "ನಿನಗೆಲ್ಲೈತವ್ವಾ?" ಎಂದು ಕೇಳಿದಳು.

"ನಮಗ್ಯಾಕೆ? ನಮಗೇನು ಕಮ್ಮಿ?" ಎಂದು ನಕ್ಕುಬಿಟ್ಟೆ.

ಕಂಬಳಿ ಇನ್ನೂ ಪಳಗಿಲ್ಲವೆಂದು ಕ್ರಿಸ್ತಜಯಂತಿಗೆ ಅಮಲ್ದಾರರನ್ನು ಕರೆಸಲಿಲ್ಲ. ಸಂಕ್ರಾಂತಿ ಕಳೆದರೂ ಆ ವರ್ಷ ಚಳಿ ಬಿಡಲಿಲ್ಲ. ಓಬಕ್ಕನ ಕೆಮ್ಮು ಮಾತ್ರ ನಿಂತಿತ್ತು. ದೇವಾಲಯದಲ್ಲಿ ಅವಳು ಕಂಬಳಿ ಹೊದ್ದು ಗಟ್ಟಿಯಾಗಿ ಕೀರ್ತನೆ ಹಾಡುವುದನ್ನು ಕೇಳಿದಾಗಲೆಲ್ಲ ನನ್ನ ಬುದ್ಧಿವಂತಿಕೆಗೆ ನಾನೇ ಬೀಗುತ್ತಿದ್ದೆ. ನಮ್ಮ ಮನೆಯಲ್ಲಿ ಮಗನಿಗೆ ನೆಗಡಿ ಕಟ್ಟಿ ಎದೆ ಗೊರಗೊರ ಅನ್ನುತ್ತಿತ್ತು. ಕೌದಿಗೆ ಮೂರನೆಯ ಮಡಿಕೆ ಹಾಕೋಣವೆಂದರೆ ಬಟ್ಟೆ ಸಾಲದು.

ಒಂದು ಬೆಳಿಗ್ಗೆ ಓಬಕ್ಕ ಬಂದು ನನ್ನ ಮುಂದೆ ಏನನ್ನೋ ಇಟ್ಟಳು. ಅರ್ಧ ಕಂಬಳಿ. ಕಂಬಳಿಯನ್ನು ಎರಡು ಪಟ್ಟಿ ನೇಯ್ದು ನಡುವೆ ಹೊಲಿದಿರುತ್ತಾರೆ. ಅವಳು ಆ ಹೊಲಿಗೆ ಬಿಚ್ಚಿ, ಒಂದು ಪಟ್ಟಿಯನ್ನು ಒಗೆದು ಒಣಗಿಸಿ ಮಡಿಸಿ ತಂದಿದ್ದಳು.

"ಸಭೆ ಸೊತ್ತು ಯಾಕೆ ಬಿಚ್ಚಿದೆ?" ಎಂದೆ.

"ಒಣಗಿದ ಮುದುಕಿ, ನನಗೆ ಅರ್ಧ ಸಾಕು. ಇದು ಮುಕ್ಕಾಲು ಪಳಗೈತೆ. ಉಳಿದ ಕಾಲು ಎಳೇ ಮಗ ಹೊದ್ರೇನೇ ಪಳಗೋದು."

ನನ್ನ ಕಿವಿ ಬಿಸಿಯಾಯಿತು. "ನಾವೇನು ಬಡವ್ರಾ ಓಬಕ್ಕ?" ಎಂದುಬಿಟ್ಟೆ. ಕರಿಬಸಮ್ಮನ ಮಾತು ನನ್ನ ಬಾಯಿಂದಲೇ ಬಂದಿತ್ತು. ಕೈಯಲ್ಲಿ ಸೌಟು ಮಾತ್ರ ಇರಲಿಲ್ಲ.

ಓಬಕ್ಕ ಬಾಯಿತುಂಬ ನಕ್ಕಳು. "ಗಂಜಿ ಕುಡಿಸಿ ಬೆಳೆಸಿದೋಳು ನಾನು, ನಿನ್ನಾಟ ನನಗೆ ತಿಳೀಲಿಲ್ಲ ಅಂದ್ಕೊಂಡಾ? ತಿಳಿದೇ ಕೈ ಒಡ್ಡಿದೆ ಕಣಮ್ಮ. ಈಗ ನಿನ್ನ ಸರದಿ. ಸಭೆ ಕೆಲ್ಸ, ಬ್ಯಾಡ ಅನ್ನಾಕಾಗ್ತೈತಾ?"

ಒಳಗೆ ಮಗ ಕೆಮ್ಮಿದ. ನಾನು ಎರಡೂ ಕೈ ಚಾಚಿದೆ. ಚಾಚುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು, ಕಣ್ಣು ತುಂಬಿ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಒಳಗೆ ಹೋಗಿ ಮಗನಿಗೆ ಹೊದಿಸಿ, ಅಂಚನ್ನು ನನ್ನ ಕೆನ್ನೆಗೆ ಒತ್ತಿಕೊಂಡು ನೋಡಿದೆ. ಅದು ಒಂದಿಷ್ಟೂ ಚುಚ್ಚಲಿಲ್ಲ.