ಸೈಕಲ್ ಹತ್ತಿದ ಮಾರಿ

ಸೀಗೇಪಾಳ್ಯದವರು ಟಾರು ರಸ್ತೆ ಬೇಕೆಂದು ನಲವತ್ತು ವರ್ಷ ಅರ್ಜಿ ಹಾಕಿದರು. ರಸ್ತೆ ಬರಲಿಲ್ಲ, ರಮ್ಯ ಬಂದಳು. ಯಲಹಂಕದ ಈ ಹುಡುಗಿ ಟಗರಿನ ಕೊಂಬಿನಂಥ ಹ್ಯಾಂಡಲ್ ಇದ್ದ ಸೈಕಲ್ಲಿನಿಂದಿಳಿದು, ಮಾಕಳಿದುರ್ಗದ ಕೋಟೆಯನ್ನೊಮ್ಮೆ ಕಾಲ ಕೆಳಗಿನ ಗರಸು ದಾರಿಯನ್ನೊಮ್ಮೆ ನೋಡಿ, ಇಷ್ಟು ಒಳ್ಳೆಯ ದಾರಿ ಎಲ್ಲೂ ಕಂಡಿಲ್ಲ ಎಂದಳು. ಗ್ರಾವೆಲ್ ಬೈಕಿಂಗ್ ಅಂತ ಇದರ ಹೆಸರು. ಕಾರಿಗೆ ಕೊಡುವಷ್ಟು ಕೊಟ್ಟು ಸೈಕಲ್ ತಗೊಳ್ಳುವುದು, ಆಮೇಲೆ ಟಾರು ಕಂಡರೆ ಮುಖ ಸಿಂಡರಿಸಿ, ಎತ್ತುಗಳೂ ಬೇಡವೆಂದು ಬಿಟ್ಟ ಬಂಡಿದಾರಿ ಹುಡುಕಿಕೊಂಡು ಏರಿ ಇಳಿಯುವುದು. ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗದಿದ್ದವಳು ಶಶಿರೇಖಾ ಒಬ್ಬಳೇ. ಊರಾಚೆ, ರೈಲ್ವೆ ಗೇಟಿನ ಹತ್ತಿರ, ನಾಲ್ಕು ತಗಡಿನ ಕೆಳಗೆ ಅವಳದೊಂದು ಹೋಟೆಲು. ಕೋಟೆ ಹತ್ತಲು ಬರುವವರನ್ನೇ ನಂಬಿಕೊಂಡಿದ್ದಳು. ಇತ್ತೀಚೆಗೆ ಅವರು ಬರುವುದು ಕಮ್ಮಿಯಾಗಿತ್ತು. ಬರುವ ಕೆಲವರೂ ಬಿಸ್ಕತ್ತು ತಿಂದು, ಸೆಲ್ಫಿ ತೆಗೆದು ಹೋಗುತ್ತಿದ್ದರು. ರಮ್ಯ ಹೇಳಿದ್ದು ಇಷ್ಟು: ಭಾನುವಾರ ಎಂಟು ಜನ ಬರುತ್ತೇವೆ. ಇಲ್ಲಿಂದ ಹೊರಟು ಗಡಿ ಊರುಗಳನ್ನೆಲ್ಲ ಬಳಸಿ ಅರವತ್ತೆರಡು ಕಿಲೋಮೀಟರ್ ಸುತ್ತಿ ಇಲ್ಲಿಗೇ ವಾಪಸು. ಆವತ್ತು ಎಲ್ಲಿ ಊಟ ಚೆನ್ನಾಗಿರುತ್ತದೋ ಅದೇ ಈ ದಾರಿಯ ಕಾಯಂ ಊಟದ ಜಾಗ, ಆಮೇಲೆ ವಾರ ವಾರವೂ ಜನ.

ಇನ್ನೊಂದು ಊಟದ ಜಾಗ ಯಾವುದೆಂದು ಶಶಿರೇಖಾ ಕೇಳಬೇಕಾಗಿರಲಿಲ್ಲ. ಗೇಟಿನಾಚೆಯ ಕಾಡುಕುಂಟೆಯಲ್ಲಿ ಗೋಪಾಲಪ್ಪ ತೋಟದ ಮಧ್ಯೆ ಈಜುಕೊಳ ಕಟ್ಟಿಸಿ, ಫಾರ್ಮ್ ಸ್ಟೇ ಅಂತ ಬೋರ್ಡು ಹಾಕಿದ್ದ. ಮಾರಿ ಕಣ್ಣು ಹೋತನ ಮೇಲೆ ಅನ್ನುವ ಹಾಗೆ ಅವನ ಕಣ್ಣು ಆಗಲೇ ಈ ಸೈಕಲ್ಲಿನವರ ಮೇಲೆ ಬಿದ್ದಿತ್ತು. ಬಿರಿಯಾನಿ ಮಾಡಿಸಿ ಕರೆದಿದ್ದ. ಸುತ್ತಿ ಬರುವ ದಾರಿಯಲ್ಲಿ ಮೊದಲು ಸಿಗುವುದು ಅವನ ತೋಟ, ಆಮೇಲೆ ಇವಳ ತಗಡು.

ಈ ತಗಡು ಅಲ್ಲಿಗೆ ಬಂದದ್ದಕ್ಕೂ ಒಂದು ಕಥೆಯಿದೆ. ಅರಿಶಿನಕುಂಟೆಗೆ ಮದುವೆ ಮಾಡಿ ಕೊಟ್ಟಿದ್ದ ಶಶಿರೇಖಾಳನ್ನು ಗಂಡ ನಾಲ್ಕೇ ವರ್ಷಕ್ಕೆ ತವರು ಸೀಗೇಪಾಳ್ಯಕ್ಕೆ ತಂದು ಬಿಟ್ಟುಹೋದ. ಅಣ್ಣ ಕೆಂಪರಾಜ್ ಎರಡು ವರ್ಷ ಇಟ್ಟುಕೊಂಡು, ಮನೆ ಇಕ್ಕಟ್ಟು ಎಂದು ಹೇಳಿ, ರೈಲ್ವೆ ಗೇಟಿನ ಕಡೆಯ ಊರ ಎಲ್ಲೆಕಲ್ಲಿನಿಂದ ಮೂರು ಹೆಜ್ಜೆ ಆಚೆ, ಯಾರಿಗೂ ಬೇಡದ ತುಂಡು ನೆಲದಲ್ಲಿ ತಗಡು ಹೊದಿಸಿಕೊಟ್ಟ. ಅವಳು ನಲ್ಲಿ ಕೇಳಿಕೊಂಡು ಊರ ಯಜಮಾನ ಅಪ್ಪಯ್ಯಣ್ಣನ ಹತ್ತಿರ ಹೋದರೆ, ನೀನು ಕಲ್ಲಿನಾಚೆ ಇದ್ದೀಯ, ಕಾಡುಕುಂಟೆಯವರನ್ನು ಕೇಳು ಅಂದ. ಕಾಡುಕುಂಟೆಯವರು, ಗೇಟಿನಿಂದ ಈಚೆಗಿರುವುದೆಲ್ಲ ಸೀಗೇಪಾಳ್ಯದ್ದು ಅಂದರು. ಲೈಟು ಕಂಬಕ್ಕೂ ಇದೇ ಉತ್ತರ. ಆರು ವರ್ಷದಿಂದ ಅವಳು ನೀರು ಹೊರುತ್ತಲೇ ಇದ್ದಳು.

ಆ ಶನಿವಾರ ಸಂಜೆ ಊರಿನಲ್ಲಿ ಮಾರಿ ಸಾಗಿಸಿದರು. ಹಸುಗಳಿಗೆ ಗಂಟುರೋಗ ಬಂದಿತ್ತು. ಡಾಕ್ಟರು ಬಂದು ಸೂಜಿ ಹಾಕಿದ್ದರು, ಹಸುಗಳೂ ಎದ್ದು ಮೇಯುತ್ತಿದ್ದವು. ಆದರೂ ಮಾರಿಯ ಕಡೆಯಿಂದಲೂ ಒಂದು ಮಾತು ಇರಲಿ ಎಂದು ಹಳೇ ಪದ್ಧತಿಯನ್ನೂ ಮಾಡಿದರು. ಗೇಣುದ್ದದ ಮರದ ಬಂಡಿ, ಅದರೊಳಗೆ ಮಣ್ಣಿನ ಮಾರಿ, ಬೇವಿನ ಸೊಪ್ಪು, ಹಸಿರು ಬಳೆ. ಮೂಡಣ ದಿಕ್ಕಿನ ಎಲ್ಲೆಕಲ್ಲಿನ ಹತ್ತಿರ ಇಟ್ಟು, ತಿರುಗಿ ನೋಡದೆ ಬಂದುಬಿಡಬೇಕು. ಆಮೇಲೆ ಅವಳು ಪಕ್ಕದೂರಿನ ಪಾಲು. ಅವರು ಆಚೆಯ ಊರಿನ ಗಡಿಗೆ ಸಾಗಿಸುತ್ತಾರೆ. ದಾಟುವ ತನಕ ಯಾರೂ ಅವಳ ಹೆಸರೆತ್ತುವ ಹಾಗಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ಆದರೆ ಹಿರಿಯರು ಮಾಡಿದ್ದು ಅಂದಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಮಾರಿಯ ಎಡೆಗೆಂದು ಮನೆ ಮನೆಯಿಂದ ಒಂದು ಹಿಡಿ ಅಕ್ಕಿ ಎತ್ತಿದರು. ಶಶಿರೇಖಾಳನ್ನು ಮಾತ್ರ ಯಾರೂ ಕೇಳಲಿಲ್ಲ.

ಭಾನುವಾರ ಬೆಳಗ್ಗೆ ಎಂಟು ಸೈಕಲ್ಲುಗಳು ಕಾಫಿ ಕುಡಿದು ಹೊರಟವು. ಮೂಡಲ ಕಲ್ಲಿನ ಹತ್ತಿರ ಎಡಕ್ಕೆ ತಿರುಗಿ ಎಂದು ಅವಳೇ ದಾರಿ ಹೇಳಿದಳು. ಅಲ್ಲಿಟ್ಟದ್ದನ್ನು ಮುಟ್ಟಬೇಡಿ ಎಂದು ಹೇಳಲು ಅವಳಿಗೆ ಹೊಳೆಯಲಿಲ್ಲ. ಬೆಂಕಿಗೆ ಕೈ ಹಾಕಬೇಡಿ ಎಂದು ದೊಡ್ಡವರಿಗೆ ಯಾರು ಹೇಳುತ್ತಾರೆ?

ಹುರುಳಿಕಾಳಿನ ಬಸ್ಸಾರು ಕುದಿಯಿತು, ಹಿಟ್ಟಿನ ಎಸರು ಕಾಯಿತು. ಹನ್ನೆರಡಾಯಿತು, ಒಂದಾಯಿತು. ಈಜುಕೊಳ ಬಿಟ್ಟು ತಗಡಿನ ಕೆಳಗೆ ಬೆವರಲು ಯಾರು ಬರುತ್ತಾರೆ ಎಂದುಕೊಂಡು ಅವಳು ಒಲೆ ಸಣ್ಣಗೆ ಮಾಡಿದಳು. ಅಳು ಬಂತು. ಅಳು ಬಂತಲ್ಲ ಎಂದು ಸಿಟ್ಟೂ ಬಂತು.

ಒಂದೂವರೆಗೆ ಎಂಟೂ ಸೈಕಲ್ಲುಗಳು ಗೇಟು ದಾಟಿ ಬಂದವು. ರಮ್ಯ ಧೂಳಿನ ಮುಖದಲ್ಲೇ ಹಲ್ಲು ಬಿಡುತ್ತಿದ್ದಳು. ಅವಳ ಪ್ರಕಾರ ಇಂಥ ಜನ ಭೂಮಿಯ ಮೇಲೇ ಇಲ್ಲ. ಹನ್ನೊಂದು ಊರುಗಳಲ್ಲಿ ಒಂದೊಂದೂ ಎದ್ದು ನಿಂತು ದಾರಿ ಬಿಟ್ಟಿದೆ. ಮುಳ್ಳುಬೇಲಿ ಕಿತ್ತು ಹೊಲದೊಳಗೇ ದಾರಿ ತೋರಿಸಿದ್ದಾರೆ. ಒಂದೂರಿನಲ್ಲಿ ಇಪ್ಪತ್ತು ಜನ ಬೈಕುಗಳಲ್ಲಿ ಗಡಿಯ ತನಕ ಬಂದು ಕಳಿಸಿಕೊಟ್ಟಿದ್ದಾರೆ. ಎಳನೀರು ಕೊಟ್ಟಿದ್ದಾರೆ, ಅದೂ ಕೂತು ಕುಡಿಯಬೇಡಿ, ಹೋಗ್ತಾ ಕುಡೀರಿ ಅಂದಿದ್ದಾರೆ. ಒಬ್ಬ ಗೋಪಾಲಪ್ಪ ಮಾತ್ರ ವಿಚಿತ್ರ. ಹಾರ ಹಿಡಿದು ನಿಂತಿದ್ದವನು, ಇವರು ಹತ್ತಿರ ಹೋಗಿ ಒಂದು ಮಾತು ಕೇಳುತ್ತಲೇ ಮುಖದ ಮೇಲೆ ಗೇಟು ಹಾಕಿಕೊಂಡನಂತೆ.

ಶಶಿರೇಖಾಗೆ ಅರ್ಥವಾಗಲಿಲ್ಲ. ಗೋಪಾಲಪ್ಪ ಗಿರಾಕಿಯನ್ನು ಬಿಡುವ ಪೈಕಿಯವನಲ್ಲ.

ಅಷ್ಟರಲ್ಲಿ ರಮ್ಯಳ ಜೊತೆಗಾರ ಉಮರ್ ತನ್ನ ಸೈಕಲ್ಲಿನ ಮುಂದಿನ ಚೀಲ ಬಿಚ್ಚಿದ. ಅವನು ದೊಡ್ಡಬಳ್ಳಾಪುರದ ಮಗ್ಗದ ಮನೆಯವನು, ಬೆಂಗಳೂರಿನಲ್ಲಿ ಹಲ್ಲಿನ ಡಾಕ್ಟರು. ಮೂಡಲ ಕಲ್ಲಿನ ಹತ್ತಿರ ಯಾವುದೋ ಮಗು ಆಟದ ಸಾಮಾನು ಬಿಟ್ಟು ಹೋಗಿತ್ತು, ಪಾಪ ಎಂದು ಎತ್ತಿಕೊಂಡೆ, ಪ್ರತಿ ಊರಿನಲ್ಲೂ ನಿಲ್ಲಿಸಿ ಇದು ನಿಮ್ಮ ಮಗುದಾ ಎಂದು ಕೇಳಿದೆ, ಎಲ್ಲರೂ ನಮ್ಮದಲ್ಲ ಮುಂದಕ್ಕೆ ಹೋಗಿ ಅಂದರು ಎಂದು ಹೇಳುತ್ತಾ, ಮರದ ಬಂಡಿಯನ್ನು ತೆಗೆದು ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟ.

ಶಶಿರೇಖಾಳ ಕೈಯ ಸೌಟು ನೆಲಕ್ಕೆ ಬಿತ್ತು. ಬೇವಿನ ಸೊಪ್ಪು ಬಾಡಿತ್ತು, ಬಳೆ ಒಡೆದಿರಲಿಲ್ಲ. ವರ್ಷಕ್ಕೊಂದು ಗಡಿ ದಾಟುವ ಮಹಾತಾಯಿ ಒಂದೇ ಬೆಳಗ್ಗೆ ಹನ್ನೊಂದು ಊರು ಸುತ್ತಿ, ಒಬ್ಬನ ಕೈಯಲ್ಲೂ ನಿಲ್ಲು ಅನ್ನಿಸಿಕೊಳ್ಳದೆ, ಹೊರಟ ಊರಿನ ಅಂಚಿಗೇ ಬಂದು ಕೂತಿದ್ದಳು.

ಅದೇನೆಂದು ಅವಳು ಎರಡೇ ಮಾತಿನಲ್ಲಿ ಹೇಳಿದಳು. ಉಮರ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ರಮ್ಯಳ ನಗು ನಿಂತಿತು. ಹಾಗಾದರೆ ಎಳನೀರು, ಬೇಲಿ, ಬೈಕುಗಳು ಎಲ್ಲ ನಮ್ಮನ್ನು ಬೇಗ ಗಡಿ ದಾಟಿಸುವುದಕ್ಕಾ ಎಂದಳು.

ಅಪ್ಪಯ್ಯಣ್ಣ ಹತ್ತು ಜನರನ್ನು ಕಟ್ಟಿಕೊಂಡು ಬಂದಾಗ ಇವರು ಇನ್ನೂ ಕೈ ತೊಳೆದಿರಲಿಲ್ಲ. ಹನ್ನೊಂದು ಊರಿನ ಫೋನೂ ಅವನಿಗೆ ಬಂದಿತ್ತು. ಮೂಡಲ ಗಡಿಯಲ್ಲಿ ಪಕ್ಕದೂರಿನವರು ದೊಣ್ಣೆ ಹಿಡಿದು ಕಾಯುತ್ತಿದ್ದಾರೆ, ರೈಲ್ವೆ ಗೇಟಿನಲ್ಲಿ ಕಾಡುಕುಂಟೆಯವರು ನಿಂತಿದ್ದಾರೆ, ಇದನ್ನು ಹೇಗಾದರೂ ಮಾಡಿ ಎಲ್ಲಿಗಾದರೂ ಸಾಗಿಸು ಎಂದ. ಸಾಗಿಸದಿದ್ದರೆ ಊರಿನ ಒಂದು ನರಪಿಳ್ಳೆಯೂ ನಿನ್ನ ಹೋಟೆಲಿಗೆ ಕಾಲಿಡುವುದಿಲ್ಲ, ಈ ಸೈಕಲ್ಲುಗಳಿಗೂ ನಮ್ಮೂರ ಬಂಡಿದಾರಿ ಬಂದ್ ಎಂದ. ಬಂಡಿದಾರಿ ಹೋದರೆ ಸುತ್ತು ಹೋಯಿತು, ಸುತ್ತು ಹೋದರೆ ಅವಳ ಭಾನುವಾರಗಳು ಹೋದವು.

ಶಶಿರೇಖಾ ಬಂಡಿಯನ್ನು ನೋಡಿದಳು. ಅದರೊಳಗಿನ ಮಣ್ಣಿನ ಮುಖಕ್ಕೆ ಯಾರೋ ಆತುರದಲ್ಲಿ ಕಣ್ಣು ಬರೆದಿದ್ದರು, ಒಂದು ಮೇಲೆ, ಒಂದು ಕೆಳಗೆ. ಗಂಡ ತನ್ನನ್ನು ತವರಿನ ಬಾಗಿಲಲ್ಲಿ ಇಳಿಸಿ ಗಾಡಿ ತಿರುಗಿಸಿಕೊಂಡು ಹೋದದ್ದು ಅವಳಿಗೆ ನೆನಪಾಯಿತು. ಅವನೂ ತಿರುಗಿ ನೋಡಿರಲಿಲ್ಲ.

"ಅಪ್ಪಯ್ಯಣ್ಣ, ನಲ್ಲಿ ಕೇಳ್ದಾಗ ಏನಂದಿದ್ರಿ?" ಅಂದಳು.

ಅಪ್ಪಯ್ಯಣ್ಣ ಈಗ ಅದ್ಯಾಕೆ ಎಂದ.

"ನೀನು ಕಲ್ಲಿನಾಚೆ ಇದ್ದೀಯ, ನಮ್ಮೂರೋಳಲ್ಲ ಅಂದ್ರಿ. ಹಂಗಾದ್ರೆ ಇವ್ಳೂ ಆಚೇನೇ ಅವ್ಳೆ. ನಿಮ್ಮೂರಿಗೆ ಬಂದಿಲ್ಲ, ಯಾಕೆ ಹೆದರ್ಕೋತೀರಿ? ಇಲ್ಲ, ಇದು ನಮ್ಮೂರೇ ಅಂತೀರಾ, ಇವತ್ತೇ ನಲ್ಲಿ ಹಾಕ್ಸಿ, ಲೈಟು ಕಂಬ ನೆಡ್ಸಿ. ಆಮೇಲೆ ನಾನೇ ತಲೆ ಮೇಲೆ ಹೊತ್ಕೊಂಡು ದಾಟಿಸ್ತೀನಿ."

ಹತ್ತೂ ಜನ ಎಲ್ಲೆಕಲ್ಲಿನ ಕಡೆ ನೋಡಿದರು. ಅಪ್ಪಯ್ಯಣ್ಣ ಮೀಸೆ ಸವರಿದ. ನಲ್ಲಿ ಕೊಟ್ಟರೆ ಮಾರಿ ಒಳಗೆ, ಮಾರಿ ಹೊರಗಿರಬೇಕೆಂದರೆ ಶಶಿರೇಖಾಳೂ ಹೊರಗೆ. ಅವನಿಗೆ ಯೋಚನೆ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇದು ಆಚೆಯೇ, ಯಾವತ್ತೂ ಆಚೆಯೇ ಎಂದ. ಸೈಕಲ್ಲಿನವರು ಆ ಬಂಡಿಯನ್ನು ಮತ್ತೆ ಎತ್ತಿಕೊಳ್ಳದಿದ್ದರೆ ದಾರಿಗೆ ತಕರಾರಿಲ್ಲ ಎಂದೂ ಸೇರಿಸಿದ. ಆಮೇಲೆ ಎಲ್ಲರೂ ಕಲ್ಲು ದಾಟಿ ಒಳಕ್ಕೆ ಹೋದರು. ಅವರಲ್ಲಿ ಕೆಂಪರಾಜನೂ ಇದ್ದ.

ಗೆದ್ದೆ ಎಂದು ಅವಳಿಗೆ ಖುಷಿಯಾಗಬೇಕಿತ್ತು. ಆಯಿತು, ಆದರೂ ಅಣ್ಣನ ಬೆನ್ನು ಮರೆಯಾಗುವ ತನಕ ನೋಡುತ್ತಾ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದು, ಬಂಡಿಯನ್ನು ಮೇಜಿನ ತುದಿಯಿಂದ ಗೋಡೆಯ ಹಲಗೆಯ ಮೇಲಕ್ಕೆ ಎತ್ತಿಟ್ಟಳು. ಎಲ್ಲರಿಗಿಂತ ಮೊದಲು ಒಂದು ಎಲೆ ತುಂಡಿನಲ್ಲಿ ಮುದ್ದೆ, ಬಸ್ಸಾರು ಹಾಕಿ ಅದರ ಮುಂದಿಟ್ಟಳು. ಬೆಳಗ್ಗೆಯಿಂದ ಸೈಕಲ್ ಹತ್ತಿ ಬಂದವಳಿಗೆ ಹಸಿವಾಗಿರುವುದಿಲ್ಲವೇ?

ಎಂಟೂ ಜನ ಉಂಡರು. ಉಮರ್ ಎರಡನೇ ಮುದ್ದೆ ಕೇಳಿದ. ರಮ್ಯ ಮೊಬೈಲಿನಲ್ಲಿ ಸುತ್ತುದಾರಿಯ ನಕ್ಷೆ ತೆರೆದು, ಊಟದ ಜಾಗಕ್ಕೆ ಗುರುತು ಹಾಕುತ್ತಾ, ಊರಿನ ಹೆಸರು ಏನಂತ ಬರೆಯಲಿ ಅಕ್ಕಾ ಎಂದು ಕೇಳಿದಳು.

ಶಶಿರೇಖಾ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

"ಊರ ಹೆಸ್ರು ಬ್ಯಾಡ ಕಣಮ್ಮ. ಹೊರಗಾಕಿದೋರಿಗೆ ಇಲ್ಲಿ ಮೊದ್ಲು ಬಡಿಸ್ತಾರೆ ಅಂತ ಬರ್ಕೋ."