ಹನ್ನೆರಡು ಚೀಲದ ವರ್ಷ

ಲಾಂಡ್ರಿಯ ಒಡತಿಗೆ ಅವರು ಸ್ವಂತ ಚಿಕ್ಕಪ್ಪ. ಇಸ್ತ್ರಿ ಮೇಜಿನ ಹನ್ನೊಂದು ಹೆಂಗಸರಿಗೆ ಬಾಯಿಮಾತಿನ ಚಿಕ್ಕಪ್ಪ. ಕಲ್ಲಿದ್ದಲು ಹಾಕಿ ಬಾಯ್ಲರಿನಲ್ಲಿ ಉಗಿ ಎಬ್ಬಿಸುವುದು ಕೆಲಸವಾದ್ದರಿಂದ ಇಡೀ ಬೀದಿಗೆ ಉಗಿ ಚಿಕ್ಕಪ್ಪ. ಬೆಳಿಗ್ಗೆ ಒಲೆಯ ಬಾಗಿಲು ತೆರೆಯುವ ಮೊದಲು ಕೈಮುಗಿದು ಎರಡು ಸಾಲು ಪದ್ಯ ಹೇಳಿಕೊಳ್ಳುತ್ತಿದ್ದರು. ಬೆಂಕಿಯನ್ನು ಬೇಡಿ ತರಬೇಕು, ಬಾಚಿ ತರಬಾರದು ಎಂದು ಅವರ ತಾಯಿ ಕಲಿಸಿದ್ದರು.

ಆ ಮಾತನ್ನು ಅವರು ಕಬ್ಬಿಣದ ಮೇಲೂ ನಡೆಸಿದ್ದರು. ಏಳು ವರ್ಷದ ಹಿಂದೆ ಆ ಬಾಯ್ಲರು ದಿನಕ್ಕೆ ಹದಿನೆಂಟು ಚೀಲ ಕಲ್ಲಿದ್ದಲು ನುಂಗುತ್ತಿತ್ತು. ಚಿಕ್ಕಪ್ಪ ಕೊಳವೆಗಳಿಗೆಲ್ಲ ದಪ್ಪನೆಯ ಹೊದಿಕೆ ಸುತ್ತಿದರು. ಚರಂಡಿಗೆ ಹೋಗುತ್ತಿದ್ದ ಬಿಸಿನೀರನ್ನು ತಿರುಗಿ ಬಾಯ್ಲರಿಗೇ ತಂದರು. ಉಗಿ ಸೋರುವ ಕೀಲುಗಳನ್ನು ಕಿವಿಗೊಟ್ಟು ಆಲಿಸಿ, ಒಂದೊಂದಾಗಿ ಬಿಗಿದರು. ಹದಿನೆಂಟು ಹನ್ನೆರಡಾಯಿತು. ಯಾರೂ ಹೇಳಿರಲಿಲ್ಲ, ಯಾರೂ ಹೊಗಳಲೂ ಇಲ್ಲ. ಎದುರುಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಣ್ಣದಣ್ಣ ಮಾತ್ರ, ಚಿಕ್ಕಪ್ಪ ಹೊಗೆಯನ್ನೂ ಮಡಿಸಿ ಪೆಟ್ಟಿಗೆಯಲ್ಲಿಡುವ ಮನುಷ್ಯ ಎಂದು ನಗುತ್ತಿದ್ದ. ಅವನ ಕಾರ್ಖಾನೆಯಲ್ಲೋ, ಗೋಡೆ ಗೋಡೆಗೂ ಉಗಿ ಬುಸುಗುಟ್ಟುತ್ತಿತ್ತು.

ಹೀಗಿರುವಾಗ ನಗರಸಭೆ ಒಂದು ಒಪ್ಪಂದ ತಂದಿತು. ಊರಿನ ಹೊಗೆ ಇಳಿಯಬೇಕಾದರೆ ವ್ಯಾಪಾರಸ್ಥರು ಕೈಜೋಡಿಸಬೇಕು. ಉರಿಸುವುದರಲ್ಲಿ ಮೂರರಲ್ಲೊಂದು ಪಾಲು ಕಡಿಮೆ ಮಾಡಿದವರಿಗೆ ಬಾಗಿಲಿಗೆ ಹಾಕಲು ಹಸಿರು ಫಲಕ. ದೊಡ್ಡಾಸ್ಪತ್ರೆಯೂ ಸಹಿ ಹಾಕಿತು. ಇನ್ನು ಮೇಲೆ ಫಲಕವಿದ್ದವರಿಗಷ್ಟೇ ತನ್ನ ಹಾಸಿಗೆಬಟ್ಟೆ ಒಗೆಯಲು ಕೊಡುವುದಾಗಿ ಹೇಳಿತು. ಲಾಂಡ್ರಿಗೆ ಬರುತ್ತಿದ್ದ ಬಟ್ಟೆಯಲ್ಲಿ ಮುಕ್ಕಾಲು ಪಾಲು ಆ ಆಸ್ಪತ್ರೆಯದೇ. ಅದು ತಪ್ಪಿದರೆ ಹನ್ನೊಂದು ಹೆಂಗಸರಲ್ಲಿ ಏಳು ಮಂದಿ ಮನೆಗೆ.

ಚಿಕ್ಕಪ್ಪನಿಗೆ ಚಿಂತೆಯೇ ಆಗಲಿಲ್ಲ. ಹದಿನೆಂಟರಲ್ಲಿ ಆರು ಹೋದರೆ ಮೂರರಲ್ಲೊಂದು ಪಾಲೇ ತಾನೆ? ತಮ್ಮದು ಯಾವತ್ತೋ ಆಗಿಹೋಗಿದೆ ಎಂಬ ನೆಮ್ಮದಿಯಲ್ಲಿ, ಬಣ್ಣದಣ್ಣ ಬಂದು ಕಲ್ಲಿದ್ದಲು ಉಳಿಸುವ ದಾರಿ ಕೇಳಿದಾಗ ಮೂರು ಭಾನುವಾರ ಅವನ ಕಾರ್ಖಾನೆಗೆ ಹೋಗಿ ಕೀಲು ಬಿಗಿಸಿ, ಹೊದಿಕೆ ಸುತ್ತಿಸಿ ಬಂದರು.

"ಕೆಟ್ಟ ಮೇಲೆ ಬುದ್ಧಿ ಬಂತು ನೋಡಿ ಚಿಕ್ಕಪ್ಪ," ಎಂದು ಅವನು ತನ್ನನ್ನೇ ಹಂಗಿಸಿಕೊಂಡ.

ನಗರಸಭೆಯ ಅಧಿಕಾರಿಣಿ ಬಂದರು. ಕೊಳವೆಗಳನ್ನೆಲ್ಲ ಮುಟ್ಟಿ ನೋಡಿದರು. ಇಷ್ಟು ಅಚ್ಚುಕಟ್ಟಾದ ಬಾಯ್ಲರ್ ಕೋಣೆ ಈ ಊರಲ್ಲೇ ಕಂಡಿಲ್ಲ ಎಂದರು. ಆಮೇಲೆ ಕಾಗದ ತೆರೆದು, ಇಡೀ ಊರಿಗೆ ಒಂದೇ ವರ್ಷವನ್ನು ಗೊತ್ತುಮಾಡಿದ್ದಾರೆ, ನಾಲ್ಕು ವರ್ಷದ ಹಿಂದಿನದು, ಅದರಿಂದಲೇ ಅಳೆಯಬೇಕು ಎಂದು ತಿಳಿಸಿದರು.

ನಾಲ್ಕು ವರ್ಷದ ಹಿಂದೆ ಹನ್ನೆರಡು ಚೀಲ. ಈಗಲೂ ಹನ್ನೆರಡು.

"ಅದಕ್ಕೆ ಮುಂಚೆ ಮಾಡಿದ್ದು ಲೆಕ್ಕಕ್ಕಿಲ್ವಾ ಮೇಡಂ?" ಎಂದರು ಚಿಕ್ಕಪ್ಪ.

"ಒಬ್ಬರಿಗೊಂದು ವರ್ಷ ಅಂತ ಮಾಡಿದ್ರೆ ಎಲ್ಲರೂ ತಮಗೆ ಬೇಕಾದ್ದನ್ನೇ ಹೇಳ್ತಾರೆ. ನಿಮ್ಮಂಥೋರು ಇರ್ತಾರೆ ಅಂತ ಯಾರೂ ಅಂದ್ಕೊಂಡಿರಲಿಲ್ಲ."

ಬಾಯ್ಲರನ್ನೇ ತೆಗೆದು ವಿದ್ಯುತ್ತಿನದು ಹಾಕಿಸೋಣವೆಂದರೆ, ಬೀದಿಯ ತಂತಿ ಅಷ್ಟು ಭಾರ ಹೊರುವುದಿಲ್ಲ, ಹೊಸ ತಂತಿಗೆ ಎರಡು ವರ್ಷ ಕಾಯಬೇಕು ಎಂದು ವಿದ್ಯುತ್ ಕಚೇರಿ ಕೈಯೆತ್ತಿತು. ಒಡತಿ ಆಸ್ಪತ್ರೆಗೆ ನಾಲ್ಕು ಸಲ ಹೋಗಿಬಂದಳು. ಅಲ್ಲಿಯವರೂ ಕೂರಿಸಿ, ನೀರು ಕೊಟ್ಟು, ನಿಯಮ ತೋರಿಸಿ ಕಳಿಸಿದರು. ಜಗಳವಾಡೋಣವೆಂದರೆ ಕೆಟ್ಟವರೊಬ್ಬರೂ ಸಿಗಲಿಲ್ಲ.

"ಕೆಟ್ಟ ಮೇಲೆ ಬುದ್ಧಿ ಬಂದೋರಿಗೆ ಫಲಕ ಇದೆ," ಎಂದಳು ಅವಳು, ಚಿಕ್ಕಪ್ಪನ ಮುಖ ನೋಡದೆ. "ಕೆಡದೇ ಇದ್ದ ತಪ್ಪಿಗೆ ನಾವೇನು ಮಾಡೋದು, ಹೇಳಿ."

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೈಮುಗಿದಾಗ ಚಿಕ್ಕಪ್ಪನ ಪದ್ಯ ಅರ್ಧಕ್ಕೇ ನಿಂತಿತು.

ಆಸ್ಪತ್ರೆಯ ಬಟ್ಟೆ ಬಣ್ಣದಣ್ಣನ ಪಾಲಾಯಿತು. ಮೂರು ವರ್ಷದ ಕರಾರು. ಅವನ ಬಳಿ ದೊಡ್ಡ ಒಗೆಯುವ ಯಂತ್ರಗಳಿದ್ದವು, ಈಗ ಹಸಿರು ಫಲಕವೂ ಇತ್ತು. ಅವನೇ ಬಂದು, ನಾನಾಗಿ ಕೇಳಲಿಲ್ಲ ಚಿಕ್ಕಪ್ಪ, ಅವರೇ ಕರೆದರು ಎಂದು ತಲೆತಗ್ಗಿಸಿದ. ಏಳು ಹೆಂಗಸರಲ್ಲಿ ಮೂವರನ್ನು ಅವನೇ ಕೆಲಸಕ್ಕೆ ಕರೆದುಕೊಂಡ. ಉಳಿದ ನಾಲ್ವರು ಚಿಕ್ಕಪ್ಪನಿಗೆ ನಮಸ್ಕಾರ ಹೇಳಿ ಹೋದರು. ಅವರಲ್ಲಿ ಹಿರಿಯವಳು, "ನೀವು ಒಂದಿಷ್ಟು ಸೋಮಾರಿ ಆಗಿದ್ದಿದ್ರೆ ಚೆನ್ನಾಗಿತ್ತು ಚಿಕ್ಕಪ್ಪ," ಎಂದು ನಕ್ಕೇ ಹೇಳಿದಳು. ಆ ನಗು ಅವರಿಗೆ ಬಹಳ ದಿನ ಚುಚ್ಚಿತು.

ಲಾಂಡ್ರಿಗೆ ಉಳಿದದ್ದು ಎರಡು ಹೋಟೆಲುಗಳ ಟವೆಲು, ಹೊದಿಕೆ. ಬಟ್ಟೆ ಕಾಲುಭಾಗಕ್ಕಿಳಿದರೂ ಕಲ್ಲಿದ್ದಲು ಅಷ್ಟಕ್ಕಿಳಿಯಲಿಲ್ಲ. ಬಾಯ್ಲರೆಂದರೆ ಹಾಗೆಯೇ: ನಾಲ್ಕು ಟವೆಲಿರಲಿ, ನಾನೂರಿರಲಿ, ಅದರ ಹೊಟ್ಟೆಯ ನೀರು ಮೊದಲು ಕುದಿಯಬೇಕು. ದಿನವೂ ಎಂಟು ಚೀಲ ಬೇಕೇಬೇಕಾಯಿತು. ಮೊದಲು ಒಂದು ಚೀಲದಲ್ಲಿ ಆಗುತ್ತಿದ್ದ ಬಟ್ಟೆಗೆ ಈಗ ಎರಡು ಚೀಲಕ್ಕೂ ಮಿಗಿಲು. ಅರೆಉರಿಯ ಹೊಗೆ ಕರ್ರಗೆ ಏಳುತ್ತಿತ್ತು. ಚಿಕ್ಕಪ್ಪ ಗಾಳಿ ಹೆಚ್ಚಿಸಿ ನೋಡಿದರು, ತಗ್ಗಿಸಿ ನೋಡಿದರು. ಅವರಿಗೆ ಗೊತ್ತಿದ್ದ ವಿದ್ಯೆಯೆಲ್ಲ ಏಳು ವರ್ಷದ ಹಿಂದೆಯೇ ಮುಗಿದಿತ್ತು.

ವರ್ಷ ತುಂಬಿದ ಮೇಲೆ ಅಧಿಕಾರಿಣಿ ಮತ್ತೆ ಬಂದರು, ಕೈಯಲ್ಲಿ ಒಂದು ಪೊಟ್ಟಣ. ಹನ್ನೆರಡಿದ್ದದ್ದು ಎಂಟು: ಮೂರರಲ್ಲೊಂದು ಪಾಲು, ಸರಿಯಾಗಿ. ಬಿಚ್ಚಿದರೆ ಹಸಿರು ಫಲಕ.

"ಕೆಲಸ ಹೋಗಿದ್ದಕ್ಕೆ ಇಳಿದಿದ್ದು ಮೇಡಂ," ಎಂದರು ಚಿಕ್ಕಪ್ಪ. "ಒಂದೊಂದು ಟವೆಲಿಗೆ ಮೊದಲಿಗಿಂತ ಜಾಸ್ತಿ ಸುಡ್ತಿದೀನಿ."

"ನಂಗೂ ಗೊತ್ತು," ಎಂದರು ಆಕೆ, ಬಹಳ ಮೆಲ್ಲಗೆ. "ಅದನ್ನ ಬರೆಯೋಕೆ ಈ ಕಾಗದದಲ್ಲಿ ಜಾಗ ಇಲ್ಲ."

ಒಡತಿ ಎಲ್ಲಿ ಬೇಕೋ ಅಲ್ಲಿ ಸಹಿ ಹಾಕಿದಳು. ಫಲಕವನ್ನು ಯಾವ ಕಡೆ ಹೊಡೆಯೋಣ ಎಂದು ಕೇಳಿದಳು. ಚಿಕ್ಕಪ್ಪ, ನಿನಗೆ ಸರಿಕಂಡ ಕಡೆ ಹೊಡಿ ಮಗಳೇ ಎಂದು ಒಳಗೆ ಹೋದರು. ಉಗಿ ಇಳಿಯುತ್ತಿತ್ತು. ಹೋಟೆಲಿನ ಮೂವತ್ತು ಟವೆಲು ಇನ್ನೂ ಒಣಗಬೇಕಿತ್ತು. ಅವರು ಸಲಿಕೆ ತೆಗೆದುಕೊಂಡು ಇನ್ನೊಂದು ಚೀಲ ಸುರಿದರು.